ಜಾಸ್ಮಿನ್ ಬಳ್ಳಿ ಬರೆದ ತೊಟ್ಟಿಲು

ಕಲಘಟಗಿ
ಡಿಸೆಂಬರ್ ೧೪, ೨೦೨೫, ರವಿವಾರ

ಪ್ರೀತಿಯ ಊರ್ಮಿಳಾ,

ಅಮ್ಮನ ಆಶೀರ್ವಾದ, ನಿನಗೂ ಅಳಿಯಂದಿರಿಗೂ, ಎಲ್ಲರಿಗಿಂತ ಮೊದಲು ನಮ್ಮ ಕೌಶಿಕನಿಗೂ. ನಾಮಕರಣ ಮುಗಿದು ಇಷ್ಟು ದಿನವಾದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು. ಎರಡು ಸಲ ಬರೆಯಲು ಕುಳಿತು ಹರಿದು ಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ಅಮ್ಮಾ ತಡಿ, ಕೂಸು ಎದ್ದದ" ಅನ್ನುತ್ತೀ. ನಾನೂ ಬಚಾವಾದೆ ಎಂದು ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ನಿನ್ನ ಸಿಟ್ಟು ನ್ಯಾಯವಾದದ್ದೇ. ಮೊದಲ ಮೊಮ್ಮಗನ ನಾಮಕರಣಕ್ಕೆ ಅಜ್ಜಿಯೇ ಇಲ್ಲವೆಂದರೆ ಬೆಳಗಾವಿಯ ಬೀಗರು ಏನೆಂದುಕೊಂಡಾರು! ನಿಮ್ಮಪ್ಪ ತೊಟ್ಟಿಲನ್ನು ಟೆಂಪೋದಲ್ಲಿ ಕಟ್ಟಿಸಿಕೊಂಡು ಒಬ್ಬರೇ ಬಂದು, "ಅಕಿಗೆ ಜ್ವರ ಬಂದಾವು" ಅಂದರಂತೆ. ಔಷಧದ ಅಂಗಡಿ ಇಟ್ಟವರಿಗೆ ಬೇರೆ ಯಾವ ಸುಳ್ಳು ಹೊಳೆದೀತು? ನನಗೆ ಜ್ವರವಿರಲಿಲ್ಲ. ಆ ದಿನ ನಾನು ಹುಬ್ಬಳ್ಳಿಯ ಗಲ್ಲಿಗಳಲ್ಲಿ ಜಾಸ್ಮಿನ್‌ಳನ್ನು ಹುಡುಕುತ್ತ ತಿರುಗುತ್ತಿದ್ದೆ.

ನಾವು ಆರಾಮ ಇದ್ದೇವೆ. ಕಬ್ಬಿನ ಹಂಗಾಮು ಶುರುವಾಗಿ ರಸ್ತೆಯ ತುಂಬ ಟ್ರ್ಯಾಕ್ಟರು, ಅಂಗಳದ ತುಂಬ ಧೂಳು. ನಿಮ್ಮಪ್ಪನ ಸಕ್ಕರೆ ಕಾಯಿಲೆ ಹದ್ದುಬಸ್ತಿನಲ್ಲಿದೆ, ನಾಲಿಗೆಯೊಂದು ಇಲ್ಲ. ಊರಿಗೆಲ್ಲ ಪಥ್ಯ ಹೇಳುವವರು ತಾವು ಗಲ್ಲಾಪೆಟ್ಟಿಗೆಯಲ್ಲಿ ಪೇಡೆ ಮುಚ್ಚಿಡುತ್ತಾರೆ.

ಈಗ ಜಾಸ್ಮಿನ್ ವಿಷಯ. ನಿನಗೆ ಅರ್ಧ ಗೊತ್ತು, ಆದರೆ ಪೂರ್ತಿ ಹೇಳದಿದ್ದರೆ ನನಗೇ ಸಮಾಧಾನವಿಲ್ಲ.

ನಾನು ನಿವೃತ್ತಳಾದ ವರ್ಷವೇ ಕಾಳಿನ ವ್ಯಾಪಾರದ ಮಡಿವಾಳೆಪ್ಪನವರು "ಆಸರೆ ಬಳಗ" ಅಂತ ಒಂದು ಟ್ರಸ್ಟ್ ಮಾಡಿದರು. ಬಸ್‌ಸ್ಟ್ಯಾಂಡಿನ ಎದುರು ಗೋಬಿ ಮಂಚೂರಿ ಗಾಡಿ ಇಟ್ಟ ನೇಪಾಳದ ಹುಡುಗರಿಗೆ ಕನ್ನಡ ಕಲಿಸುವುದು, ಅವರಿಗೆ ಕಾಯಿಲೆ ಬಂದರೆ ನೋಡುವುದು, ಇಷ್ಟೇ ಕೆಲಸ. "ಟೀಚರ್, ನಿಮಗ ಹಿಂದಿ ಬರ್ತದ, ನೀವ ಬರ್ರಿ" ಅಂದರು, ಹೋದೆ. ಆಗ ಚೆನ್ನಾಗಿಯೇ ಇತ್ತು. ಹುಡುಗರು ಬಸ್ಸಿನ ಬೋರ್ಡು ಓದಲು ಕಲಿತು, "ದುಮ್ಮವಾಡ! ತಡಸ!" ಎಂದು ಕಂಡಕ್ಟರನ ಹಾಗೆ ಕೂಗಿದರೆ ನನಗೆ ಸರಕಾರಿ ನೌಕರಿಯಲ್ಲಿ ಸಿಗದ ಸಂತೋಷ ಸಿಗುತ್ತಿತ್ತು.

ಕಳೆದ ವರ್ಷ ಮಳೆಗಾಲದಲ್ಲಿ ಹುಬ್ಬಳ್ಳಿಯ ಒಂದು ಸೇವಾಸಂಸ್ಥೆಯವರು ಮಣಿಪುರದ ಗುಡ್ಡಗಾಡಿನ ನಾಲ್ವರು ಯುವಕ ಯುವತಿಯರನ್ನು ನಮ್ಮ ಬಳಗಕ್ಕೆ ಒಪ್ಪಿಸಿದರು. ಗಲಭೆಯಲ್ಲಿ ಮನೆ ಸುಟ್ಟುಹೋಗಿ, ಒಂದು ವರ್ಷಕ್ಕೂ ಮೇಲೆ ನಿರಾಶ್ರಿತರ ಶಿಬಿರದಲ್ಲಿದ್ದವರು. ಇಬ್ಬರು ಹುಡುಗರು ಬೇಗನೇ ಗೋವಾಕ್ಕೆ ಹೋದರು, ಒಬ್ಬ ಹುಡುಗಿ ಅಕ್ಕನ ಬಳಿಗೆ ಗುವಾಹಟಿಗೆ ಹೋದಳು. ಉಳಿದವಳು ಜಾಸ್ಮಿನ್, ಹತ್ತೊಂಬತ್ತರ ಹುಡುಗಿ. ತಾಯಿ ಇನ್ನೂ ಶಿಬಿರದಲ್ಲೇ ಇದ್ದಾಳೆ, ತಂದೆ ಮೊದಲೇ ಇಲ್ಲ. ನನ್ನ ಹಿಂದಿ ಅವಳಿಗೆ ಅರ್ಥವಾಗುತ್ತಿರಲಿಲ್ಲ, ಅವಳ ಇಂಗ್ಲಿಷು ನನಗೆ. ಕೊನೆಗೆ ಇಬ್ಬರಿಗೂ ಸಿಕ್ಕಿದ್ದು ಕನ್ನಡವೇ. ಆರು ತಿಂಗಳಲ್ಲಿ "ಹೌದ್ರಿ, ಬರ್ರಿ, ಅಗದಿ ಚಲೋ ಐತ್ರಿ" ಎಂದು ನಮ್ಮ ದೇವಕ್ಕನ ಹಾಗೇ ಮಾತಾಡತೊಡಗಿದಳು. ದೇವಕ್ಕ ಅವಳ ಹೆಸರನ್ನು "ಮಲ್ಲಿಗಿ" ಮಾಡಿಬಿಟ್ಟಳು. ಭಾಂಡೆ ತಿಕ್ಕುತ್ತಲೇ ಅರ್ಧ ಕನ್ನಡ ಕಲಿಸಿದವಳು ಅವಳೇ.

ಊರಿನವರು ಕೆಟ್ಟವರಲ್ಲ ಊರ್ಮಿಳಾ, ಅದೇ ನನ್ನ ತಲೆಬಿಸಿ. ಕೆಟ್ಟವರಾಗಿದ್ದರೆ ಜಗಳಾಡಿ ಸುಮ್ಮನಾಗಬಹುದಿತ್ತು. ಎಲ್ಲರೂ ಏನಾದರೂ ಕೊಡುತ್ತಾರೆ, ಆದರೆ ಯಾರೂ ಕೇಳುವುದಿಲ್ಲ. ಗುಡ್ಡದಿಂದ ಬಂದವರು ಎಂದು ಏಪ್ರಿಲ್ ತಿಂಗಳ ಬಿಸಿಲಲ್ಲಿ ಸ್ವೆಟರ್ ತಂದುಕೊಟ್ಟರು. ಒಬ್ಬರು "ಪಾಸ್‌ಪೋರ್ಟ್ ಐತೇನವಾ?" ಅಂದರು. "ನಿಮ್ದೂ ನಂದೂ ಒಂದ ದೇಶ ರೀ" ಅಂದಳು. ಅವರು ನಕ್ಕು ನನ್ನ ಕಡೆ ತಿರುಗಿ "ಕನ್ನಡಾ ಎಷ್ಟ ಛಂದ ಮಾತಾಡ್ತಾಳಲ್ರೀ!" ಅಂದರು. ಮಾತಿನ ಅರ್ಥ ಬಿಟ್ಟು ಉಚ್ಚಾರ ಮೆಚ್ಚಿಕೊಂಡರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಈ ವರ್ಷ ಜನವರಿ ಇಪ್ಪತ್ತಾರಕ್ಕೆ ಬಳಗದ ಕಾರ್ಯಕ್ರಮವಿತ್ತು. ಹಿಂದೆ ದೊಡ್ಡ ಬ್ಯಾನರು, ಮುಂದೆ ಹಾರ ಹಾಕಿಸಿಕೊಂಡ ಅತಿಥಿಗಳು. ಮಡಿವಾಳೆಪ್ಪನವರು ಜಾಸ್ಮಿನ್‌ಳ ಕೈಗೆ ಮೈಕು ಕೊಟ್ಟು, "ನಿಮ್ಮ ಮನಿ ಹೆಂಗ ಸುಟ್ರು, ನೀವು ಹೆಂಗ ಪಾರಾಗಿ ಬಂದ್ರಿ, ಮಂದಿಗೆ ತಿಳಿಯೂಹಂಗ ಹೇಳವಾ" ಅಂದರು. ನನಗೆ ಮೊದಲೇ ಗೊತ್ತಿದ್ದರೆ ಬಿಡುತ್ತಿರಲಿಲ್ಲ. ಅವಳು ಬ್ಯಾನರಿನ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ, "ಎಲ್ಲಾರಿಗೂ ನಮಸ್ಕಾರ್ರಿ. ನನಗ ಕೆಲಸಾ ಬೇಕ್ರಿ" ಎಂದು ಹೇಳಿ ಮೈಕು ಕೊಟ್ಟು ಬಂದು ನನ್ನ ಬಾಜೂ ಕುಳಿತಳು. ಜನ ಚಪ್ಪಾಳೆ ಹೊಡೆದರು. ಕೆಲಸ ಯಾರೂ ಕೊಡಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಮಡಿವಾಳೆಪ್ಪನವರು, "ಎರಡ ಮಾತು ಹೇಳಿದ್ರ ಏನ್ ಹೋಗ್ತಿತ್ರಿ ಟೀಚರ್? ಪೇಪರ್‌ನವರು ಬಂದಿದ್ರು" ಎಂದು ಗೊಣಗಿದರು. "ಅಳ್ತಾಳಂತ ತಿಳಕೊಂಡಿದ್ರೇನು?" ಅಂದೆ. ಅವರಿಗೆ ಬೇಸರವಾಯಿತು. ಆದರೂ ಅವರೇ ಒಂದು ದಾರಿ ತೋರಿಸಿದರು: "ಬ್ಯೂಟಿ ಪಾರ್ಲರ್‌ಗೆ ಸೇರ್ಸೂಣು. ಆ ಕಡೆ ಹುಡುಗ್ಯಾರಿಗೆ ಅದು ಚಲೋ ಬರ್ತದ." ಜಾಸ್ಮಿನ್ ಹೇಳಿದಳು: "ನನಗ ಅದು ಬರೂದಿಲ್ರಿ ಕಾಕಾ. ನಾ ಶಾಳ್ಯಾಗ ಚಿತ್ರಾ ಬರೀತಿದ್ದೆ." ಕಾಕಾ ಅದನ್ನು ಕೇಳಿಸಿಕೊಳ್ಳಲಿಲ್ಲ.

ನಾನು ಕೇಳಿಸಿಕೊಂಡೆ. ತೊಟ್ಟಿಲಿಗೆ ಚಿತ್ರ ಬರೆಯುವ ಈರೇಶನ ಅಂಗಡಿಗೆ ಕರೆದೊಯ್ದೆ. ಈರೇಶ ನನ್ನ ವಿದ್ಯಾರ್ಥಿ, ಹಿಂದಿಯಲ್ಲಿ ಸದಾ ನಪಾಸು. ನಾನು ಒಳಗೆ ಕಾಲಿಟ್ಟರೆ ಈಗಲೂ ಎದ್ದು ನಿಲ್ಲುತ್ತಾನೆ. ಆದರೆ ವಿಷಯ ಕೇಳಿದ ಕೂಡಲೇ ಕುಳಿತುಬಿಟ್ಟ. "ಬ್ಯಾಡ್ರಿ ಟೀಚರ್. ಇದು ನಮ್ಮ ಮನಿತನದ ವಿದ್ಯೆ. ನಮ್ಮ ಹೆಣಮಕ್ಕಳಿಗೇ ನಾವು ಪೂರಾ ಕಲ್ಸಿಲ್ಲ, ಇನ್ನ ಹೊರಗಿನಾಕಿಗೆ ಏನ್ ಕಲಸೂದ್ರಿ?"

ನಾನು ದಿನಾ ಹೋಗಿ ಕುಳಿತೆ. ಅವನು ಚಹಾ ತರಿಸುತ್ತಿದ್ದ, ನಾನು ಕುಡಿದು ಬರುತ್ತಿದ್ದೆ, ಅವಳು ನೋಡುತ್ತ ಕೂರುತ್ತಿದ್ದಳು. ಮದುವೆಯ ಸೀಜನ್ನಿನಲ್ಲಿ ಕೈ ಸಾಲದೆ ಒಂದು ದಿನ ತಾನೇ ಹೇಳಿದ: "ಈ ಪಟ್ಟಿಗೆ ಹಳದಿ ಬಳಿ ನೋಡೂಣು." ಬಳಿದಳು. ಆಮೇಲೆ ಗೆರೆ, ಆಮೇಲೆ ಎಲೆ. ಯುಗಾದಿಯ ಹೊತ್ತಿಗೆ ಅವನು ನನ್ನೊಡನೆ ಒಂದು ಕರಾರಿಗೆ ಬಂದ: "ದೇವರ ಮುಖಾ ನಾನ ಬರೀತೀನ್ರಿ. ಬಳ್ಳಿ, ಹೂ, ಹಕ್ಕಿ ಅಕಿ ಬರೀಲಿ." ಆ ದಿನ ನಮ್ಮ ಮನೆಗೆ ಬಂದವಳು ಕೈ ತೊಳೆಯಲೇ ಇಲ್ಲ. ಬೆರಳಿನ ಬಣ್ಣ ನೋಡಿಕೊಂಡು ಕೂತಿದ್ದಳು.

ಅಷ್ಟಾಗುವಾಗ ಮನೆಯ ಸಮಸ್ಯೆ ಬಂತು. ಅವಳಿದ್ದದ್ದು ಸುಶೀಲವ್ವನ ಹಿತ್ತಲ ಕೋಣೆಯಲ್ಲಿ. ಜಾಸ್ಮಿನ್ ಒಣಮೀನು ಬೇಯಿಸಿದಳೆಂದು ಓಣಿಯಲ್ಲಿ ಗದ್ದಲ. ಸುಶೀಲವ್ವ ನನ್ನ ಕೈ ಹಿಡಿದುಕೊಂಡು, "ನನಗೇನೂ ಇಲ್ರಿ ಬಾಯಾರ, ಹುಡುಗಿ ಬಂಗಾರದಂಥಾಕಿ. ಮಂದಿ ಮಾತಾಡ್ತಾರ" ಎಂದು ಕಣ್ಣೀರು ಹಾಕಿದಳು. ಅಳುತ್ತಲೇ ಕೋಣೆ ಖಾಲಿ ಮಾಡಿಸಿದಳು. ಜಾಸ್ಮಿನ್ ತಾನಿನ್ನು ಮೀನು ಬೇಯಿಸುವುದೇ ಇಲ್ಲವೆಂದರೂ ಕೇಳಲಿಲ್ಲ. ಮೀನು ನೆಪವಾಗಿತ್ತು, ಅಷ್ಟೇ.

ಬಳಗದ ಸಭೆ ಕರೆದೆವು. ನಮ್ಮ ಸದಸ್ಯರಲ್ಲಿ ಎರಡಂತಸ್ತಿನ ಮನೆಯಿಲ್ಲದವರು ಯಾರೂ ಇಲ್ಲ. ಒಬ್ಬರ ಮನೆಗೆ ಬಣ್ಣ ಹೊಡೆಸುವುದಿತ್ತು, ಒಬ್ಬರ ತಾಯಿಗೆ ಮಡಿ, ಒಬ್ಬರ ಮಗನಿಗೆ ಪರೀಕ್ಷೆ. ಎಲ್ಲರ ಮನಸ್ಸೂ ವಿಶಾಲ, ಕೋಣೆ ಮಾತ್ರ ಯಾರಲ್ಲೂ ಇಲ್ಲ. ನಿರ್ಣಯ ಏನಾಯಿತು ಗೊತ್ತೇ? "ಸದರಿ ವಿಷಯವನ್ನು ಮುಂದಿನ ಸಭೆಗೆ ಇಡುವುದು." ಹುಡುಗಿ ಟ್ರಂಕು ಹಿಡಿದು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಾಳೆ, ಇವರು ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದಾರೆ! ನಾನು ತಟ್ಟೆ ಅಲ್ಲೇ ಇಟ್ಟು ಎದ್ದುಬಂದೆ. "ಏಳು, ಹೋಗೂಣು" ಅಂದೆ. "ಎಲ್ಲಿಗ್ರಿ?" ಅಂದಳು. "ಮನಿಗೆ" ಅಂದೆ.

ನಿಮ್ಮಪ್ಪ ಬಾಗಿಲಲ್ಲಿ ಟ್ರಂಕು ನೋಡಿದರು, ನನ್ನ ಮುಖ ನೋಡಿದರು. "ಅಟ್ಟದ ಖೋಲಿಯೊಳಗ ಲೈಟ್ ಹೋಗ್ಯದ" ಎಂದು ಬಲ್ಬು ತರಲು ಹೋದರು. ಅವರ ಭಾಷಣ ಅಷ್ಟೇ.

ಆಮೇಲಿನ ತಿಂಗಳುಗಳು ಚೆನ್ನಾಗಿದ್ದವು. ನಿನಗೆ ಫೋನಿನಲ್ಲಿ ಎಲ್ಲ ಹೇಳುತ್ತಿದ್ದೆ, ನೀನು ಹೂಂ ಹೂಂ ಅನ್ನುತ್ತಿದ್ದೆ. ನೀನು ಹೆತ್ತ ಸುದ್ದಿ ಬಂದಾಗ ನಿಮ್ಮಪ್ಪನಿಗಿಂತ ಮೊದಲು ಕುಣಿದವಳು ಅವಳು. "ಅಕ್ಕಾರ ಕೂಸಿನ ತೊಟ್ಟಲಾ ನಾ ಬರೀತೀನ್ರಿ" ಎಂದು ಈರೇಶನ ಹಿಂದೆ ಬಿದ್ದಳು. ಅವನು ಬಾಲಕೃಷ್ಣನನ್ನು ಬರೆದುಕೊಟ್ಟು ಸುತ್ತಲಿನದೆಲ್ಲ ಅವಳಿಗೇ ಬಿಟ್ಟ. ದೊಡ್ಡ ಕೊಕ್ಕಿನ, ಕೊಕ್ಕಿನ ಮೇಲೆ ಟೊಪ್ಪಿಗೆ ಇಟ್ಟಂಥ ಒಂದು ಹಕ್ಕಿ ಬರೆದಳು. "ಇದು ನಮ್ಮೂರ ಹಕ್ಕಿ ರೀ" ಅಂದಳು. ಈರೇಶ ಬಗ್ಗಿ ನೋಡಿ, "ಎಲ್ಲಿದು ಲೇ ನಿಮ್ಮೂರದು? ಇದು ನಮ್ಮ ದಾಂಡೇಲಿ ಅಡವಿಯೊಳಗ ಐತಿ, ಮಂಗಟ್ಟಿ!" ಅಂದ. ಇಬ್ಬರೂ ಬಹಳ ಹೊತ್ತು ವಾದ ಮಾಡಿದರು. ಅವಳು ಯಾರೊಡನೆಯಾದರೂ ವಾದ ಮಾಡಿದ್ದು ನಾನು ನೋಡಿದ್ದು ಅದೇ ಮೊದಲು. ತನ್ನ ಮನೆಯಲ್ಲಿದ್ದವರು ಮಾತ್ರ ಹಾಗೆ ವಾದ ಮಾಡುತ್ತಾರೆ.

ಅಷ್ಟರಲ್ಲಿ ಮಡಿವಾಳೆಪ್ಪನವರಿಗೆ ಸುದ್ದಿ ಮುಟ್ಟಿತು. ಅಂಗಡಿಗೆ ಫೋಟೋಗ್ರಾಫರನನ್ನು ಕರೆತಂದರು. "ಬಳಗದ ಸಾಧನೆ" ಎಂದು ಅವಳಿಗೆ ಸನ್ಮಾನವಂತೆ. ಅವಳು ಬೇಡವೆಂದಳು. "ಇಷ್ಟ ಮಾಡಿದ್ದಕ್ಕ ಒಂದ ಫೋಟೋಕ್ಕೂ ನಿಲ್ಲೂದಿಲ್ಲಂದ್ರ ಹೆಂಗ?" ಎಂದು ಎಲ್ಲರೆದುರು ದಬಾಯಿಸಿದರು. ಅವಳು ನಿಂತಳು. ಆ ಫೋಟೋದಲ್ಲಿ ಮಡಿವಾಳೆಪ್ಪನವರು ಕುಂಚ ಹಿಡಿದಿದ್ದಾರೆ, ಅವಳು ಬಣ್ಣದ ಬಟ್ಟಲು ಹಿಡಿದಿದ್ದಾಳೆ.

ನಾಮಕರಣಕ್ಕೆ ಒಂದು ವಾರವಿರುವಾಗ ಅವಳು ಹೋದಳು. ಬೆಳಿಗ್ಗೆ ಈರೇಶನ ಅಂಗಡಿಗೆಂದು ಹೊರಟವಳು ಹುಬ್ಬಳ್ಳಿ ಬಸ್ಸು ಹತ್ತಿದ್ದಳು. ಟ್ರಂಕು ಬಿಟ್ಟು, ಒಂದು ಚೀಲ ಒಯ್ದಿದ್ದಳು. ಅಟ್ಟದ ಕೋಣೆಯನ್ನು ಕಸಗುಡಿಸಿ, ಹಾಸಿಗೆ ಸುತ್ತಿಟ್ಟು ಹೋಗಿದ್ದಳು. ತೊಟ್ಟಿಲಿನ ಕೆಲಸ ಹಿಂದಿನ ದಿನವೇ ಪೂರ್ತಿಯಾಗಿತ್ತು. ಅವಳ ಫೋನು ಬಂದ್ ಆಗಿತ್ತು. ನಾನು ಬಳಗದವರನ್ನು ಕೇಳಿದೆ. "ಹೋಗ್ಲಿ ಬಿಡ್ರಿ ಟೀಚರ್, ಅವರು ಇರೂದ ಹಂಗ. ಎಷ್ಟ ಮಾಡಿದ್ರೂ ನಿಲ್ಲೂದಿಲ್ಲ" ಅಂದರು. ಪೊಲೀಸರಿಗೆ ಹೇಳೋಣವೆಂದರೆ ವಯಸ್ಸಿಗೆ ಬಂದ ಹುಡುಗಿ, ತಾನಾಗಿಯೇ ಹೋಗಿದ್ದಾಳೆ. ಕೊನೆಗೆ ದಾರಿ ಹೇಳಿದವರು ಗೋಬಿ ಗಾಡಿಯ ನೇಪಾಳಿ ಹುಡುಗರು. ಅವಳನ್ನು ಹುಬ್ಬಳ್ಳಿಯ ಹಳೇ ಬಸ್‌ಸ್ಟ್ಯಾಂಡಿನ ಕಡೆ ನೋಡಿದ್ದೇವೆ ಅಂದರು. ನಾಮಕರಣದ ಹಿಂದಿನ ದಿನವೂ ಹೋದೆ, ಅಂದೂ ಹೋದೆ. ನಿಮ್ಮಪ್ಪ ತೊಟ್ಟಿಲು ಏರಿಸಿಕೊಂಡು ಆ ಕಡೆ, ನಾನು ಈ ಕಡೆ.

ಸಿಕ್ಕಳು. ಎಲ್ಲಿ? ಒಂದು ಬ್ಯೂಟಿ ಪಾರ್ಲರಿನಲ್ಲಿ. ಒಲ್ಲೆ ಒಲ್ಲೆ ಎಂದ ಕೆಲಸದಲ್ಲೇ. ಮುಖ ನೋಡಿ ಕೂಡಲೇ ಇಟ್ಟುಕೊಂಡರಂತೆ, ಕೆಲಸ ಬರುತ್ತದೆಯೇ ಎಂದು ಕೇಳಲೂ ಇಲ್ಲವಂತೆ. ನನ್ನನ್ನು ನೋಡಿ ಎದ್ದು ಬಂದಳು. "ಬರ್ರಿ ಅಮ್ಮಾ, ಊಟ ಆತ್ರಿ?" ಅಂದಳು. ಕುರ್ಚಿ ಹಾಕಿ ನೀರು ಕೊಟ್ಟಳು. ಎಲ್ಲ ಮರ್ಯಾದೆ ನಾನೇ ಕಲಿಸಿದ್ದು. "ನಡಿ ಮನಿಗೆ" ಅಂದೆ. "ಬ್ಯಾಡ್ರಿ. ಇಲ್ಲೆ ಆರಾಮ ಅದೀನ್ರಿ." "ಈರೇಶ ಕಾಯಾಕತ್ಯಾನ." "ಅವರಿಗೆ ನಮಸ್ಕಾರ ಹೇಳ್ರಿ." ಅಷ್ಟರಲ್ಲಿ ಗಿರಾಕಿ ಬಂದರು. ಅವಳು ಅವರ ಹುಬ್ಬು ತೀಡತೊಡಗಿದಳು, ನಾನು ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದುಕೊಂಡು ಮಡಿವಾಳೆಪ್ಪನವರನ್ನು, ಸುಶೀಲವ್ವನನ್ನು, ಸ್ವೆಟರ್ ಕೊಟ್ಟವರನ್ನು, ಎಲ್ಲರನ್ನೂ ಬೈದುಕೊಂಡೆ. ಬಾಜೂ ಕೂತ ಹೆಣ್ಣುಮಗಳು ಜಾಗ ಬದಲಿಸಿದಳು.

ಮರುದಿನ ಬಳಗಕ್ಕೆ ರಾಜೀನಾಮೆ ಕೊಟ್ಟೆ. ಮಡಿವಾಳೆಪ್ಪನವರು ಮನೆಗೇ ಬಂದರು. "ಟೀಚರ್, ನಾ ಏನ್ ತಪ್ಪ ಮಾಡೇನಿ ಹೇಳ್ರಿ. ನಮ್ಮ ಮಂದಿ ಯಾರೂ ಮಾಡದ ಕೆಲಸಾ ಮಾಡಾಕತ್ತೀನಿ" ಅಂದರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಅವರು ಹೇಳಿದ್ದೂ ಸುಳ್ಳಲ್ಲ. ಅವಲಕ್ಕಿ ಕೊಟ್ಟು ಕಳಿಸಿದೆ. ನೇಪಾಳಿ ಹುಡುಗರು ಈಗ ನಮ್ಮ ಪಡಸಾಲೆಗೇ ಬರುತ್ತಾರೆ. ಪಾಠ ನಡೆದಿದೆ. ಆದರೆ ಮೊದಲಿನ ಹುರುಪಿಲ್ಲ. ಕಾಗುಣಿತ ತಪ್ಪಿದರೆ ಸುಮ್ಮಸುಮ್ಮನೆ ಸಿಡುಕುತ್ತೇನೆ. "ಇವತ್ತ ಟೀಚರ್ ಗರಂ" ಎಂದು ತಮ್ಮತಮ್ಮಲ್ಲೇ ನಗುತ್ತಾರೆ.

ಇರಲಿ. ನೀನು ಬಾಣಂತಿ. ತಲೆಗೆ ಸ್ಕಾರ್ಫ್ ಕಟ್ಟಿಕೋ, ತಣ್ಣೀರಿನಲ್ಲಿ ಕೈಯಾಡಿಸಬೇಡ. ಅಂಟಿನ ಉಂಡಿ ನಿಮ್ಮಪ್ಪನ ಕೈಯಲ್ಲಿ ಕಳಿಸಿದ್ದೆ, ತಿಂದೆಯೋ ಹಂಚಿದೆಯೋ? ಕೌಶಿಕ ನಿನ್ನ ಹಾಗೆ ಹಟಮಾರಿಯಾಗಲಿ, ನಿಮ್ಮಪ್ಪನ ಹಾಗೆ ಕಡಿಮೆ ಮಾತಿನವನಾಗಲಿ, ನೂರು ವರ್ಷ ಬಾಳಲಿ. ಅತ್ತೆ ಮಾವನವರಿಗೆ ನನ್ನ ನಮಸ್ಕಾರ, ನಾನು ಬರದಿದ್ದುದಕ್ಕೆ ಕ್ಷಮೆ ಕೇಳಿದೆನೆಂದು ಹೇಳು. ಅಳಿಯಂದಿರಿಗೆ ಆಶೀರ್ವಾದ. ಸಂಕ್ರಾಂತಿಗೆ ಕೂಸನ್ನು ಕರೆದುಕೊಂಡು ಬಾ.

ನಿನ್ನ ಅಮ್ಮ,
ದ್ವಾರಕಾಬಾಯಿ

ತಾ.ಕ.: ಮೇಲೆ ಬರೆದದ್ದೆಲ್ಲ ನಿಜ, ಆದರೆ ಅವಳು ಹೋದದ್ದು ಅದಕ್ಕಲ್ಲ. ಲಕೋಟೆ ಅಂಟಿಸುವ ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಈ ಕಾಗದವನ್ನೂ ಹರಿಯಬೇಕಾಗುತ್ತದೆ.

ನೀನು ಫೋನಿಗೆ ಮಾತು ರೆಕಾರ್ಡ್ ಮಾಡಿ ಕಳಿಸಿದ್ದೆಯಲ್ಲ, ನಾನು ಉತ್ತರ ಕೊಡಲಿಲ್ಲ. ಅಮ್ಮ ಕೇಳಿರಲಿಕ್ಕಿಲ್ಲ ಎಂದುಕೊಂಡೆಯೇನೋ. ಆಗ ನಾನು ರೊಟ್ಟಿ ಬಡಿಯುತ್ತಿದ್ದೆ, ಕೈಯೆಲ್ಲ ಹಿಟ್ಟು. "ಮಲ್ಲಿಗಿ, ಊರ್ಮಿಳಾ ಏನೋ ಹೇಳ್ಯಾಳ, ಹಚ್ಚು" ಅಂದೆ. ಅವಳೇ ಹಚ್ಚಿದಳು. ನಿನ್ನ ದನಿ ಅಡಿಗೆಮನೆಯ ತುಂಬ ಕೇಳಿತು: "ಅಮ್ಮಾ, ನಾಮಕರಣಕ್ಕ ನೀನು ಅಪ್ಪ ಇಬ್ಬರೇ ಬರ್ರಿ. ಆ ಹುಡುಗೀನ್ನ ಕರ್ಕೊಂಡು ಬರಬ್ಯಾಡ. ತೊಟ್ಟಲಕ್ಕ ಅಕಿ ಬಣ್ಣಾ ಹಚ್ಯಾಳಂತನೂ ಯಾರ ಮುಂದೂ ಹೇಳಬ್ಯಾಡ. ಮನಿ ಮಠಾ ಸುಟಗೊಂಡು ಬಂದಾಕಿ, ಅಕಿ ಕಾಲ್ಗುಣ ಹೆಂಗೋ ಏನೋ. ಕೂಸಿನ ವಿಷಯ, ಸುಮ್ಮನ ಯಾಕ ಬೇಕು?"

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಅವಳೇ ತಿರುವಿ ಹಾಕಿದಳು. ಆಮೇಲೆ ಕೇಳಿದಳು: "ಅಮ್ಮಾ, ಎಲ್ಲಾ ತಿಳೀತು, ಒಂದ ಮಾತು ತಿಳೀಲಿಲ್ರಿ. ಕಾಲ್ಗುಣ ಅಂದ್ರ? ಕಾಲು ಗುಣ ಆಗೂದ ಏನ್ರಿ?" ನೋವು ಗುಣವಾಯಿತು, ಜ್ವರ ಗುಣವಾಯಿತು ಎಂದು ನಾನೇ ಕಲಿಸಿದ್ದೆನಲ್ಲ. ನಾನು "ಹೂಂ" ಅಂದೆ. ಅಷ್ಟು ವರ್ಷ ಪಾಠ ಹೇಳಿದವಳು, ಆ ಒಂದು ಶಬ್ದದ ಅರ್ಥ ಹೇಳಲು ನನ್ನ ಬಾಯಿ ಏಳಲಿಲ್ಲ. "ಹಂಗಾದ್ರ ಅಕ್ಕಾರು ಕಡೀಕೆ ಒಂದ ಚಲೋ ಮಾತ ಹೇಳ್ಯಾರ" ಅಂದಳು.

ಮರುದಿನ ದೇವಕ್ಕನನ್ನು ಕೇಳಿದಳಂತೆ. "ನನಗೇನ ಗೊತ್ರಿ ಬಾಯಾರ, ಕೇಳಿದ್ಳು, ಬಿಡಿಸಿ ಹೇಳಿದೆ" ಅಂದಳು ದೇವಕ್ಕ. ಆ ದಿನವೇ ತೊಟ್ಟಿಲು ಪೂರ್ತಿ ಮಾಡಿ, ಅದರ ಮರುದಿನ ಬಸ್ಸು ಹತ್ತಿದಳು.

ಪಾರ್ಲರಿನಲ್ಲಿ ನಾನು ಏಳುವಾಗ ಅವಳು ನನ್ನನ್ನು ಒಂದು ಮಾತು ಕೇಳಿದಳು, ಮೇಲೆ ಬರೆಯಲಿಲ್ಲ. "ಕೂಸು ಆರಾಮ ಐತಲ್ರಿ ಅಮ್ಮಾ? ಏನೂ ಆಗಿಲ್ಲಲ್ರಿ?" ಆರಾಮ ಇದೆ ಅಂದೆ. ನನ್ನ ಮುಖವನ್ನೇ ನೋಡುತ್ತಿದ್ದಳು.

ಅವಳ ಹೊಸ ಫೋನ್ ನಂಬರು ಈ ಹಾಳೆಯ ಹಿಂದೆ ಬರೆದಿದ್ದೇನೆ. ಕೂಸು ಆರಾಮ ಇದೆ ಎಂದು ನೀನೇ ಒಮ್ಮೆ ಅವಳಿಗೆ ಹೇಳಬೇಕು, ಊರ್ಮಿಳಾ. ನಾನು ಹೇಳಿದರೆ ಅವಳು ಈಗ ನಂಬುವುದಿಲ್ಲ.